ನಡುದಾರಿಯಲ್ಲಿ ನಿಂತ ರಾಗ್ನಾಳ ಮನೆ

ರಾಗ್ನಾ ಸೋಲ್ಬರ್ಗ್ ಡಕೋಟಾದ ಬಯಲಿಗೆ ಬಂದಾಗ ಅವಳಿಗೆ ನಲವತ್ತಾರು ವರ್ಷ. ಅಷ್ಟರೊಳಗೆ ಆರು ಮನೆ ಬದಲಾಯಿಸಿ ಆಗಿತ್ತು. ನಾರ್ವೆಯ ಕಡಲಂಚಿನಲ್ಲಿ ಅಪ್ಪನ ಮನೆ, ವಿಸ್ಕಾನ್ಸಿನ್‌ನಲ್ಲಿ ಭಾವನ ಕೊಟ್ಟಿಗೆಯ ಅಟ್ಟ, ಆಮೇಲೆ ಮಿನೆಸೋಟಾದಲ್ಲಿ ಒಂದರ ಹಿಂದೊಂದು ಮಣ್ಣಿನ ಗುಡಿಸಲು. ಗಂಡ ನಿಲ್ಸ್ ಒಳ್ಳೆಯವನೇ. ಆದರೆ ಇರುವ ಜಾಗಕ್ಕಿಂತ ಮುಂದಿನ ಜಾಗದ ಹುಲ್ಲು ಅವನ ಕಣ್ಣಿಗೆ ಯಾವಾಗಲೂ ಹಸಿರು. “ಇನ್ನೊಂದು ಚೂರು ಪಶ್ಚಿಮಕ್ಕೆ ಹೋಗಿಬಿಡೋಣ ಕಣೇ, ಅಲ್ಲಿಗೆ ಮುಗೀತು” ಎಂದು ಪ್ರತಿ ವಸಂತದಲ್ಲೂ ಹೇಳುತ್ತಿದ್ದ. ಕಡೆಗೊಂದು ವಸಂತದಲ್ಲಿ ಜ್ವರ ಬಂದು, ಯಾವ ಗಾಡಿಯೂ ಹೋಗದಷ್ಟು ಪಶ್ಚಿಮಕ್ಕೆ ಒಬ್ಬನೇ ಹೊರಟುಹೋದ.

ಇದ್ದಬದ್ದದ್ದನ್ನೆಲ್ಲ ಮಾರಿ ರಾಗ್ನಾ ಕ್ರಾಂಪ್ಟನ್ ಸಿಟಿಯಲ್ಲಿ ಒಂದು ಹಲಗೆಯ ಮನೆ ಕಟ್ಟಿಸಿದಳು. ಕೆಳಗೆ ಊಟದ ಕೋಣೆ, ಮೇಲೆ ಆರು ಮಂಚ. ಊರಿನ ಜನ ಅದನ್ನು ಹೋಟೆಲ್ ಎನ್ನುತ್ತಿದ್ದರು. ಊರಿನ ಜನ ಎಲ್ಲವನ್ನೂ ಒಂದು ಸುತ್ತು ದೊಡ್ಡದು ಮಾಡಿಯೇ ಹೇಳುತ್ತಿದ್ದರು. ಸಿಟಿ ಎಂದು ಹೆಸರಿಟ್ಟ ದಿನ ಅಲ್ಲಿದ್ದದ್ದು ಒಂದು ಡೇರೆ, ನೀರು ಬಾರದ ಒಂದು ಬಾವಿ ಮತ್ತು ಲೆಮ್ಯುಯೆಲ್ ಕ್ರಾಂಪ್ಟನ್. ಆತ ಊರಿನ ಅಧ್ಯಕ್ಷ. ಚುನಾವಣೆ ಯಾವಾಗ ನಡೆಯಿತೆಂದು ಯಾರೂ ಕೇಳಲಿಲ್ಲ; ಎತ್ತರದ ಟೋಪಿ ಇದ್ದದ್ದು ಅವನೊಬ್ಬನ ಹತ್ತಿರವೇ. ಮೂರು ವರ್ಷದಲ್ಲಿ ಮನೆಗಳು ಇಪ್ಪತ್ತಮೂರಾದವು.

“ನನ್ನನ್ನ ಇನ್ನು ಇಲ್ಲಿಂದ ಕದಲಿಸ್ಬೇಕೂಂದ್ರೆ ನಾಲ್ಕು ಜನ ಹೆಗಲು ಕೊಡಬೇಕು” ಎಂದಿದ್ದಳು ರಾಗ್ನಾ, ಕೊನೆಯ ಹಲಗೆಗೆ ಮೊಳೆ ಬಿದ್ದ ದಿನ. ಅವಳಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ: ಮತ್ತೆ ಗಂಟುಮೂಟೆ ಕಟ್ಟದಿರುವುದು.

ಆದರೆ ರೈಲು ಕಂಪನಿಯವರು ಹಳಿಯನ್ನು ಊರಿನಿಂದ ಐದು ಮೈಲಿ ದಕ್ಷಿಣಕ್ಕೆ ಹಾಕಿದರು. ಕ್ರಾಂಪ್ಟನ್ ಬರೆದ ಹನ್ನೊಂದು ಕಾಗದಗಳಿಗೆ ಉತ್ತರವೂ ಬರಲಿಲ್ಲ. ಜನವರಿಯಲ್ಲಿ ಊರವರೆಲ್ಲ ರಾಗ್ನಾಳ ಊಟದ ಕೋಣೆಯಲ್ಲಿ ಸೇರಿದರು.

“ಮಹನೀಯರೇ, ರೈಲು ನಮ್ಮ ಹತ್ರ ಬರಲಿಲ್ಲ. ನಮ್ಮ ಸಿಟಿಯೇ ರೈಲಿನ ಹತ್ರ ಹೋಗುತ್ತೆ!” ಎಂದು ಕ್ರಾಂಪ್ಟನ್ ಮೇಜು ಗುದ್ದಿದ. ಕಾಫಿ ಚೆಲ್ಲಿತು. ಒರೆಸಿದವಳು ರಾಗ್ನಾ.

“ನಾನು ಬರಲ್ಲ” ಎಂದಳು, ಬಟ್ಟೆ ಹಿಂಡುತ್ತ.

“ಊರೇ ಇಲ್ಲದ ಕಡೆ ಯಾರಿಗಮ್ಮಾ ಊಟ ಹಾಕ್ತೀರಿ? ನರಿಗಳಿಗಾ?”

ರಾಗ್ನಾ ಬಟ್ಟೆಯನ್ನು ಒಲೆಯ ಪಕ್ಕ ಒಣಹಾಕಿದಳು. “ಆಯ್ತು. ಇದೊಂದು ಸಲ” ಎಂದಳು. ನಿಲ್ಸ್‌ಗೂ ಆರು ಸಲ ಹೀಗೆಯೇ ಹೇಳಿದ್ದಳು.

ಬಯಲಿನಲ್ಲಿ ಮನೆ ಸಾಗಿಸುವುದು ಹೊಸ ವಿದ್ಯೆಯೇನಲ್ಲ. ಜಾಕಿ ಕೊಟ್ಟು ಮನೆಯನ್ನು ಎತ್ತಿ, ಅದರ ಕೆಳಗೆ ಎರಡು ದಪ್ಪ ತೊಲೆ ಸೇರಿಸಿ, ಹದಿನಾರು ಕುದುರೆ ಕಟ್ಟಿ ಹೆಪ್ಪುಗಟ್ಟಿದ ನೆಲದ ಮೇಲೆ ಎಳೆಯುವುದು. ಒಳಗೆ ಒಲೆ ಉರಿಯುತ್ತಲೇ ಇರುತ್ತದೆ. ಹೆಂಗಸರು ರೊಟ್ಟಿ ಬೇಯಿಸುತ್ತಲೇ ಇರುತ್ತಾರೆ. ಬೇಕಾದದ್ದು ಒಂದೇ, ಕಲ್ಲಿನಂಥ ನೆಲ. ಅಂಥ ಚಳಿ ಇನ್ನು ಆರು ವಾರವಷ್ಟೇ ಬಾಕಿಯಿತ್ತು.

ಆ ಆರು ವಾರದಲ್ಲಿ ಎರಡು ವಾರ ಯಾವ ಮನೆ ಮೊದಲು ಹೊರಡಬೇಕೆಂಬ ಜಗಳದಲ್ಲೇ ಕಳೆಯಿತು. ಬ್ಯಾಂಕು ಮೊದಲೆಂದರು ಬ್ಯಾಂಕಿನವರು. ಪತ್ರಿಕೆ ಮೊದಲೆಂದ ಸಂಪಾದಕ. ದೇವರು ಮೊದಲೆಂದರು ಪಾದ್ರಿ. ಕ್ರಾಂಪ್ಟನ್ ತನ್ನ ಕಚೇರಿಯ ನೆತ್ತಿಗೆ ಬಾವುಟ ಕಟ್ಟಿಸಿ ಮೆರವಣಿಗೆಯ ಪಟ್ಟಿ ಬರೆದ. ತಿದ್ದಿದ. ಮತ್ತೆ ಬರೆದ. ಕುದುರೆ ಹೊಡೆಯುವ ಹಾಲ್ವರ್ ಬ್ರೆಕ್ಕೆ ತಾಳಲಾರದೆ, “ಸ್ವಾಮೀ, ನೆಲ ಗಟ್ಟಿಯಾಗಿರೋದು ಚಳಿಗೆ, ನಿಮ್ಮ ಮರ್ಯಾದೆಗಲ್ಲ” ಎಂದ. ಅವನ ಮಾತು ನಡಾವಳಿ ಪುಸ್ತಕಕ್ಕೆ ಏರಲಿಲ್ಲ. ಪಟ್ಟಿಯ ಕೊನೆಯಲ್ಲಿ, ಕ್ಷೌರದಂಗಡಿಯ ಕೆಳಗೆ, “ವಿಧವೆಯ ಹೋಟೆಲ್” ಎಂದಿತ್ತು.

ಇಪ್ಪತ್ತೆರಡು ಮನೆಗಳು ದಾಟಿದವು. ಇಪ್ಪತ್ತಮೂರನೆಯದು ಎರಡೂವರೆ ಮೈಲಿ ಹೋಗುವಷ್ಟರಲ್ಲಿ ಪಶ್ಚಿಮದಿಂದ ಬಿಸಿಗಾಳಿ ಬೀಸಿತು. ಸಂಜೆಯೊಳಗೆ ಹಿಮ ನೀರಾಯಿತು, ಬೆಳಗಾಗುವುದರೊಳಗೆ ನೆಲ ಗಂಜಿಯಾಯಿತು. ತೊಲೆಗಳು ಮೊಣಕಾಲುದ್ದ ಹೂತು, ಮನೆ ಪೂರ್ವಕ್ಕೆ ವಾಲಿ ನಿಂತಿತು. ಬಿತ್ತನೆ ಹತ್ತಿರ ಬಂದದ್ದರಿಂದ ಕುದುರೆಗಳನ್ನು ಬಿಚ್ಚಿಕೊಂಡು ಹೋದರು.

ಹೀಗೆ ರಾಗ್ನಾ ಎರಡು ಊರುಗಳ ನಡುವೆ ಉಳಿದಳು. ಉತ್ತರಕ್ಕೆ ನೋಡಿದರೆ ಹಳೆಯ ಊರಿನ ಇಪ್ಪತ್ತಮೂರು ಗುಂಡಿ, ದಕ್ಷಿಣಕ್ಕೆ ಹೊಸ ಊರಿನ ಬಾವುಟ. ತಟ್ಟೆಗೆ ಸಾರು ಹಾಕಿದರೆ ಒಂದೇ ಬದಿಗೆ ನಿಲ್ಲುತ್ತಿತ್ತು. ಕಾಫಿ ಕುಡಿದು ಮೆಟ್ಟಿಲ ಮೇಲೆ ಕೂತಳು. ಏಳಲು ಮನಸ್ಸಾಗಲಿಲ್ಲ. ಆಯಾಸ ಕಾಲಿನಲ್ಲಿರಲಿಲ್ಲ, ಇನ್ನೂ ಒಳಗೆಲ್ಲೋ ಇತ್ತು.

ಬ್ರೆಕ್ಕೆ ಹಿಟ್ಟಿನ ಚೀಲ ತಂದುಕೊಟ್ಟು, “ನೆಲ ಒಣಗಲಿ ಅಕ್ಕಾ, ಎಳ್ಕೊಂಡು ಹೋಗೋಣ” ಎಂದ.

“ಇದು ಯಾರ ಜಾಗ ಹಾಲ್ವರ್?”

“ಯಾರದ್ದೂ ಅಲ್ಲ, ಸರ್ಕಾರದ್ದು. ಜೌಗು ಅಂತ ಯಾರೂ ಬರೆಸ್ಕೊಂಡಿಲ್ಲ.”

“ನಾನು ಬರೆಸ್ಕೋಬಹುದಾ?”

“ಬರೆಸ್ಕೋಬಹುದು, ವಿಧವೆಯರಿಗೂ ಕೊಡ್ತಾರೆ. ಆದ್ರೆ ಕಾನೂನು ಬಲು ಕಷ್ಟದ್ದು. ಐದು ವರ್ಷ ಇಲ್ಲೇ ಇರಬೇಕು. ಬೇರೆ ಕಡೆ ಬಿಡಾರ ಹೂಡೋ ಹಾಗಿಲ್ಲ.”

“ಯಾರಾದ್ರೂ ಬಂದು ಹೊರಡು ಅಂದ್ರೂ ಹೋಗೋ ಹಾಗಿಲ್ವಾ?”

“ಇಲ್ಲ. ಹೋದ್ರೆ ಜಮೀನು ಹೋಯ್ತು.”

“ಅದನ್ನ ಕಾಗದದ ಮೇಲೆ ಬರೆದು ಕೊಡ್ತಾರಾ?”

“ಮೊಹರು ಹಾಕಿ ಕೊಡ್ತಾರೆ.”

ಆ ಬಯಲಿನ ಗಂಡಸರೆಲ್ಲ ಶಿಕ್ಷೆ ಎಂದು ಶಪಿಸುತ್ತಿದ್ದ ಷರತ್ತು ಅದು. ರಾಗ್ನಾಳಿಗೆ ಹುಟ್ಟಿದಾರಭ್ಯ ಇಷ್ಟು ಒಳ್ಳೆಯ ಮಾತನ್ನು ಯಾವ ಸರ್ಕಾರವೂ ಹೇಳಿರಲಿಲ್ಲ. ಮಾರನೆಯ ದಿನವೇ ಬ್ರೆಕ್ಕೆಯ ಗಾಡಿ ಹತ್ತಿ, ಮೂವತ್ತು ಮೈಲಿ ಆಚೆಯ ಜಮೀನು ಕಚೇರಿಗೆ ಹೋಗಿ ಬರೆಸಿಕೊಂಡು ಬಂದಳು.

ಡಿಸೆಂಬರಿನಲ್ಲಿ ನೆಲ ಗಟ್ಟಿಯಾಯಿತು. ಕ್ರಾಂಪ್ಟನ್ ಹದಿನಾರು ಕುದುರೆ ಮತ್ತು ಟೋಪಿಯ ಸಮೇತ ಬಂದಿಳಿದ. ಕುದುರೆ ಹೂಡಿ, ಹಗ್ಗ ಬಿಗಿಸಿ, ಒಂದು ಸಲ ಎಳೆಸಿಯೂ ಬಿಟ್ಟ. ಹೆಪ್ಪುಗಟ್ಟಿದ ಕೆಸರು ತೊಲೆಗಳನ್ನು ಹಲ್ಲಿನಂತೆ ಕಚ್ಚಿ ಹಿಡಿದಿತ್ತು. ಸದ್ದಿಗೆ ರಾಗ್ನಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಬಿಚ್ಚಿಸಿ” ಎಂದು ಕಾಗದ ತೋರಿಸಿದಳು.

ಕ್ರಾಂಪ್ಟನ್ ಎರಡು ಸಲ ಓದಿದ. “ಏನಮ್ಮಾ ಇದು? ಹೋಟೆಲಿಲ್ಲದ ಊರನ್ನ ಯಾರಾದ್ರೂ ಸಿಟಿ ಅಂತಾರಾ?”

“ಇದ್ದಾಗಲೂ ನಿಮ್ಮನ್ನ ಬಿಟ್ಟು ಯಾರೂ ಅಂತಿರಲಿಲ್ಲ.”

“ಇತಿಹಾಸ ನಿಮ್ಮನ್ನ ಕ್ಷಮಿಸಲ್ಲ.”

“ಇತಿಹಾಸಕ್ಕೆ ಊಟ ಬೇಕಾದ್ರೆ ಭಾನುವಾರ ಬರೋಕೆ ಹೇಳಿ. ಬಾಕಿ ದಿನ ನನಗೆ ಆಗಲ್ಲ.”

ಐದು ವರ್ಷ ಹೇಳಿದಷ್ಟು ಬೇಗ ಕಳೆಯಲಿಲ್ಲ. ಬೇಸಿಗೆಯಲ್ಲಿ ಜೌಗಿನ ಸೊಳ್ಳೆ, ಚಳಿಗಾಲದಲ್ಲಿ ಬಾಗಿಲಿನಿಂದ ಹಸುವಿನ ಕೊಟ್ಟಿಗೆಗೆ ಕಟ್ಟಿದ ಹಗ್ಗ ಹಿಡಿದು ಹಿಮದಲ್ಲಿ ಕುರುಡಿಯಂತೆ ನಡಿಗೆ. ಸೌದೆಯಿಲ್ಲ, ಒಣಹುಲ್ಲನ್ನು ತಿರುಚಿ ತಿರುಚಿ ಒಲೆಗೆ ಹಾಕಬೇಕು, ಒಂದು ಹೊತ್ತಿನ ಅಡುಗೆಗೆ ಒಂದು ಹೊತ್ತಿನ ತಿರುಚುವಿಕೆ. ಬ್ರೆಕ್ಕೆ ಪೂರ್ವದ ಬದಿಗೆ ಕಲ್ಲು ಕೊಟ್ಟು ಮನೆಯನ್ನು ನೆಟ್ಟಗೆ ಮಾಡಿದ. ಭಾನುವಾರ ರೈಲು ಹಳಿಯ ಕೂಲಿಗಳು ಆಲೂಗೆಡ್ಡೆ ರೊಟ್ಟಿ, ಉಪ್ಪುಮಾಂಸಕ್ಕೆಂದು ನಡೆದು ಬರುತ್ತಿದ್ದರು. ಉಳಿದ ಆರು ದಿನ ಮಾತಿಗೆ ಹಸುವೇ ಗತಿ. ಮೂರನೆಯ ಚಳಿಗಾಲದಲ್ಲಿ ಒಂದು ದಿನ ಅವಳು ಪೆಟ್ಟಿಗೆ ತುಂಬಿ, ಮುಚ್ಚಳ ಹಾಕಿ, ಅದರ ಮೇಲೆ ಕೂತದ್ದೂ ಉಂಟು. ಎಷ್ಟು ಗಟ್ಟಿಮನಸ್ಸಿನ ಹೆಂಗಸು ಎಂದು ಆಮೇಲೆ ಊರವರು ಹೊಗಳಿದರು. ನಿಜ ಹೇಳಬೇಕೆಂದರೆ ಪೆಟ್ಟಿಗೆ ಎತ್ತುವ ಶಕ್ತಿ ಇರಲಿಲ್ಲ.

ಐದು ವರ್ಷ ತುಂಬಿದ ಮೇಲೆ ಜಮೀನು ತನ್ನದಾಗಬೇಕಾದರೆ, ಅವಳು ಅಲ್ಲಿಂದ ಹೋಗಿಲ್ಲವೆಂದು ಹತ್ತಿರದ ಇಬ್ಬರು ಸಾಕ್ಷಿ ಹೇಳಬೇಕು. ಬ್ರೆಕ್ಕೆ ಒಬ್ಬನಾದ. ಅಕ್ಕಪಕ್ಕದಲ್ಲಿ ಜಮೀನು ಬರೆಸಿಕೊಂಡಿದ್ದವರೆಲ್ಲ ಇನ್ನೊಂದು ಚೂರು ಪಶ್ಚಿಮಕ್ಕೆ ಹೋಗಿಯಾಗಿತ್ತು. ಊರಿನವರೆಲ್ಲ ಅಧ್ಯಕ್ಷರನ್ನೇ ಕೇಳಿ ಎಂದು ಜಾರಿಕೊಂಡರು. ಉಳಿದವನು ಕ್ರಾಂಪ್ಟನ್. ರಾಗ್ನಾ ಎರಡೂವರೆ ಮೈಲಿ ನಡೆದು ಅವನ ಕಚೇರಿಗೆ ಹೋದಳು. ಅವನು ಕುರ್ಚಿ ತೋರಿಸಲಿಲ್ಲ.

“ಸಿಟಿಗೆ ಬೆನ್ನು ತಿರುಗಿಸಿದವರಿಗೆ ನಾನ್ಯಾಕೆ ಸಾಕ್ಷಿ ಹೇಳಲಿ?”

“ಹೇಳ್ದೇ ಇದ್ರೆ ನನ್ನನ್ನ ಎಬ್ಬಿಸ್ತಾರೆ. ಅಷ್ಟೇ.” ಬೇಡುವುದಕ್ಕೂ ಅವಳಲ್ಲಿ ತ್ರಾಣ ಇರಲಿಲ್ಲ. ಬಾಗಿಲ ತನಕ ಹೋಗಿ, ಏನೋ ನೆನಪಾದವಳಂತೆ ನಿಂತಳು. “ಸಾಕ್ಷಿಯ ಹೆಸರಿನ ಪಕ್ಕ ಹುದ್ದೆ ಬರೀತಾರಂತೆ. ವಾಷಿಂಗ್ಟನ್‌ಗೆ ಹೋಗುತ್ತಂತೆ ಕಾಗದ.”

ಕ್ರಾಂಪ್ಟನ್ ಮೀಸೆ ಸವರಿದ. ಶುಕ್ರವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಬ್ರೆಕ್ಕೆಯ ಗಾಡಿಯಲ್ಲಿ ಮುಂದಿನ ಸೀಟಿನಲ್ಲೇ ಕೂತಿದ್ದ.

ಮಾರನೆಯ ದಿನ ಜಮೀನು ಕಚೇರಿಯ ಗುಮಾಸ್ತ ಲೇಖನಿ ಅದ್ದಿ ಕೇಳಿದ: “ಈಕೆಯ ಮನೆ ಈ ಐದು ವರ್ಷದಲ್ಲಿ ಆ ಜಾಗದಿಂದ ಕದಲಿದೆಯೇ?”

ರಾಗ್ನಾ ನೆಲ ನೋಡುತ್ತಿದ್ದಳು.

“ಇಲ್ಲ” ಎಂದ ಕ್ರಾಂಪ್ಟನ್.

“ಖಚಿತವಾಗಿ ಹೇಗೆ ಹೇಳ್ತೀರಿ?”

“ಹದಿನಾರು ಕುದುರೆ ಕಟ್ಟಿ ನಾನೇ ಎಳೆಸಿದ್ದೆ. ಒಂದಂಗುಲ ಜರುಗಲಿಲ್ಲ.” ಆಮೇಲೆ ಕತ್ತು ಚಾಚಿ, “ಅಧ್ಯಕ್ಷರು ಅಂತ ಪೂರ್ತಿ ಬರೀರಿ. ಅಡಕ ಮಾಡ್ಬೇಡಿ” ಎಂದ.

ಭಾನುವಾರ ಹಿಂದಿರುಗುವಾಗ ಬ್ರೆಕ್ಕೆ, “ಇನ್ನು ನಿಮ್ಮದೇ ಜಮೀನು ಅಕ್ಕಾ. ಬೇಕಾದ್ರೆ ಮಾರಿ ಎಲ್ಲಿಗಾದ್ರೂ ಹೋಗ್ಬಹುದು” ಎಂದು ನಕ್ಕ. ಅವಳು ನಗಲಿಲ್ಲ. “ಸ್ವಲ್ಪ ನಿಧಾನ ಹೊಡಿಯಪ್ಪಾ, ಬೆನ್ನು ನೋಯ್ತಿದೆ” ಎಂದಳು.

ಮನೆ ಮುಂದೆ ಮೂವರು ಕೂಲಿಗಳು ಊಟಕ್ಕೆ ಕಾಯುತ್ತಿದ್ದರು. “ಆಲೂಗೆಡ್ಡೆ ಗೋಣಿಯಲ್ಲಿದೆ, ಬೇಯಿಸ್ಕೊಳ್ಳಿ” ಎಂದು ಹೇಳಿ, ರಾಗ್ನಾ ಮಹಡಿ ಹತ್ತಿ, ಬೂಟು ಕೂಡ ಬಿಚ್ಚದೆ ಮಲಗಿದಳು. ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು.