ಸುಬೇದಾರರು ಜಾಗ ಬಿಡಲಿಲ್ಲ

ಕಳೆದ ಲೋಕಸಭಾ ಚುನಾವಣೆಯ ಬೇಸಿಗೆಯಲ್ಲಿ ನಾನು ದಾವಣಗೆರೆಯಲ್ಲಿದ್ದೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪಕ್ಷಗಳಿಗೆ ಪ್ರಚಾರದ ಕೆಲಸ ಮಾಡಿಕೊಡುವ ಸಂಸ್ಥೆಯೊಂದಕ್ಕೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನನ್ನ ಹುದ್ದೆಗೆ ಅಭ್ಯರ್ಥಿ ಸಂಯೋಜಕಿ ಎಂದು ಹೆಸರು. ಅಭ್ಯರ್ಥಿಯ ಜೊತೆ ಕಾರಿನಲ್ಲಿ ತಿರುಗಬೇಕು, ಭಾಷಣ ಬರೆದುಕೊಡಬೇಕು, ಹೊತ್ತಿಗೆ ಸರಿಯಾಗಿ ಊರು ತಲುಪಿಸಬೇಕು.

ನನಗೆ ಒಪ್ಪಿಸಿದ್ದು ನಿವೃತ್ತ ಸುಬೇದಾರ್ ಕರಿಬಸಪ್ಪನವರನ್ನು. ಸೈನ್ಯದಿಂದ ಬಂದ ಮೇಲೆ ಅವರು ಚನ್ನಗಿರಿಯ ಹೊರಗೆ ಒಂದು ಮೈದಾನ ಸಮ ಮಾಡಿಸಿ, ಸೈನ್ಯಕ್ಕೆ ಸೇರಬಯಸುವ ಹುಡುಗರಿಗೆ ಬಿಡಿಗಾಸೂ ಕೇಳದೆ ತರಬೇತಿ ಕೊಡುತ್ತಿದ್ದರು. ಹೊನ್ನಾಳಿ, ನ್ಯಾಮತಿಯ ಹಳ್ಳಿಗಳಲ್ಲೂ ಅವರ ಹುಡುಗರಿದ್ದರು. ಆ ಹುಡುಗರ ಮನೆಗಳ ಮತ ಲೆಕ್ಕ ಹಾಕಿಯೇ ರಾಷ್ಟ್ರೀಯ ಪಕ್ಷವೊಂದು ಅವರನ್ನು ಕರೆದಿತ್ತು. ಟಿಕೆಟ್ ನಿಮಗೇ ಎಂದು ಪಕ್ಷದ ಜಿಲ್ಲಾ ಕಾರ್ಯದರ್ಶಿ ಮಂಜಣ್ಣ ಬಾಯಿಮಾತಿನಲ್ಲಿ ಹೇಳಿದ್ದರು. ಕರಿಬಸಪ್ಪನವರಿಗೆ ಅಷ್ಟು ಸಾಕಾಗಿತ್ತು. ದೆಹಲಿಗೆ ಹೋಗಿ ಮಾಡಬೇಕಾದ ಕೆಲಸವೂ ಅವರ ತಲೆಯಲ್ಲಿ ಒಂದೇ ಇತ್ತು: ಈ ಭಾಗಕ್ಕೆ ಮಾಜಿ ಸೈನಿಕರ ಆಸ್ಪತ್ರೆ.

ಪ್ರಚಾರದಲ್ಲಿ ಮಂಜಣ್ಣ ಅವರನ್ನು ನಡೆಸಿಕೊಂಡ ರೀತಿ ಮೊದಲ ವಾರವೇ ನನಗೆ ಕಂಡಿತು. ಹೊನ್ನಾಳಿಯ ಸಭೆಯಲ್ಲಿ ಕರಿಬಸಪ್ಪನವರು ನಾನು ಬರೆದ ಭಾಷಣ ಓದುತ್ತಿದ್ದರು. ಜನ ಎದ್ದು ಹೊರಡತೊಡಗಿದರು. ಮಂಜಣ್ಣ ಮೈಕ್ ಕಸಿದುಕೊಂಡು, "ಭಾಷಣ ಬಿಡ್ರಿ ಸುಬೇದಾರ್ರೇ. ಗುಂಡು ಬಿದ್ದಿರಾದು ತೋರಿಸ್ರಿ, ಜನ ನೋಡ್ಲಿ" ಎಂದರು.

ಕರಿಬಸಪ್ಪನವರು ಭಾಷಣದ ಹಾಳೆಗಳನ್ನು ಜೇಬಿಗಿಟ್ಟರು. ಆಮೇಲೆ ಬಗ್ಗಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದರು. ಮೀನಖಂಡದ ಅರ್ಧ ಭಾಗ ಇರಲಿಲ್ಲ. ಜನ ಸೀಟಿ ಹೊಡೆದರು. ಮುಂದಿನ ಸಾಲಿನಿಂದ ಯಾರೋ, "ಕಾಣಾಕಿಲ್ಲ, ಇನ್ನೂ ಮ್ಯಾಲಕ್ಕೆತ್ರಿ!" ಎಂದು ಕೂಗಿದರು. ಅಲ್ಲಿಂದ ಮುಂದೆ ಪ್ರತಿ ಸಭೆಯಲ್ಲೂ ಅದು ನಡೆಯಿತು. ಸಂತೇಬೆನ್ನೂರಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು, "ಕಾಲು ತೋರಿಸಿ ಓಟು ಕೇಳ್ತಾನಲ್ಲೇ, ಕೋತಿ ಆಡಿಸ್ದಂಗೆ ಆಡಿಸ್ತಾರೆ" ಎಂದು ಪಕ್ಕದವಳಿಗೆ ಹೇಳಿ ನಕ್ಕಳು. ಕರಿಬಸಪ್ಪನವರಿಗೆ ಅದು ಕೇಳಿಸಿತ್ತು. ಕಾರಿನಲ್ಲಿ ಕುಳಿತಾಗ ಹೆಂಡತಿ ಗಿರಿಜಮ್ಮ, "ಹಿಂಗೆ ಮಾನ ಕಳ್ಕೊಂಡು ಎಂಪಿ ಆಗಬೇಕೇನ್ರೀ?" ಎಂದು ಕೇಳಿದರು. "ಮೇಲಿನೋರು ಹೇಳ್ತಾರೆ, ಮಾಡಬೇಕು" ಎಂದಷ್ಟೇ ಅವರ ಉತ್ತರ.

ನಾಮಪತ್ರ ಸಲ್ಲಿಸುವ ಕೊನೆಯ ದಿನ ಬಂತು. ಓದುಗರಿಗೆ ಇಲ್ಲಿ ಒಂದೆರಡು ವಿಷಯ ಹೇಳಬೇಕು. ಪಕ್ಷದ ಅಧಿಕೃತ ಅಭ್ಯರ್ಥಿ ಯಾರೆಂದು ತಿಳಿಸುವ ಪತ್ರಕ್ಕೆ ಬಿ ಫಾರಂ ಎನ್ನುತ್ತಾರೆ. ಅದು ಮಧ್ಯಾಹ್ನ ಮೂರು ಗಂಟೆಯೊಳಗೆ ದಾವಣಗೆರೆಯ ಚುನಾವಣಾಧಿಕಾರಿಯ ಕೈ ಸೇರಬೇಕು. ಪಕ್ಷೇತರನಾಗಿ ನಿಲ್ಲುವವನಿಗೆ ಬಿ ಫಾರಂ ಬೇಡ, ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಿದರೆ ಸಾಕು. ಗಡುವು ಮಾತ್ರ ಇಬ್ಬರಿಗೂ ಒಂದೇ. ಕರಿಬಸಪ್ಪನವರ ಹಳೆಯ ಒಡನಾಡಿ, ನ್ಯಾಮತಿಯ ಹವಾಲ್ದಾರ್ ಶೇಖರಪ್ಪ, ಯಾವುದಕ್ಕೂ ಇರಲಿ ಎಂದು ಹತ್ತು ಮಾಜಿ ಸೈನಿಕರ ಸಹಿ ಹಾಕಿಸಿ ಪಕ್ಷೇತರ ನಾಮಪತ್ರವನ್ನೂ ಸಿದ್ಧ ಮಾಡಿಸಿದ್ದರು. ಅದು ನಮ್ಮ ಕಾರಿನಲ್ಲೇ ಇತ್ತು. ಶೇಖರಪ್ಪ ಮತ್ತು ಅವರ ಸಂಗಡಿಗರು ಬೆಳಿಗ್ಗೆಯಿಂದ ದಾವಣಗೆರೆಯ ಕಚೇರಿಯ ಎದುರು ಕಾಯುತ್ತಿದ್ದರು.

ಆದರೆ ನಾವು ಇದ್ದದ್ದು ಜಗಳೂರಿನಲ್ಲಿ. ಹಿಂದಿನ ಸಂಜೆ ಮಂಜಣ್ಣ ಫೋನ್ ಮಾಡಿ, ರಾಜ್ಯದ ನಾಯಕರು ಬಳ್ಳಾರಿ ಕಡೆಯಿಂದ ಜಗಳೂರಿನ ಮೇಲೆ ಬರುತ್ತಾರೆ, ಬಿ ಫಾರಂ ಅಲ್ಲೇ ಜನರ ಎದುರು ಕೊಡುತ್ತಾರೆ, ಮೆರವಣಿಗೆಯಲ್ಲಿ ಒಟ್ಟಿಗೇ ದಾವಣಗೆರೆಗೆ ಹೋಗುವುದು ಎಂದಿದ್ದರು. ಕೊನೆಗೆ, "ಅವ್ರು ಬರೋ ತನಕ ಜಾಗ ಬಿಡಂಗಿಲ್ಲ ಸುಬೇದಾರ್ರೇ, ಇದು ಆರ್ಡರ್" ಎಂದು ಸೇರಿಸಿದ್ದರು. "ಯೆಸ್ ಸರ್" ಎಂದಿದ್ದರು ಕರಿಬಸಪ್ಪನವರು.

ಊರ ಹೊರಗೆ ಶಾಮಿಯಾನ ಹಾಕಿದ್ದರು. ಒಂದೂವರೆಗೆ ನಮ್ಮ ಸಂಸ್ಥೆಯ ಸಹೋದ್ಯೋಗಿಯೊಬ್ಬರು ನನ್ನ ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ಜಿಲ್ಲೆಯ ದೊಡ್ಡ ಅಡಿಕೆ ಮಂಡಿ ಮಾಲೀಕರ ಮಗ ಹಾರ ಹಾಕಿಕೊಂಡು ಪಕ್ಷದ ಪರವಾಗಿ ನಾಮಪತ್ರ ಸಲ್ಲಿಸುತ್ತಿದ್ದ. ಪಕ್ಕದಲ್ಲಿ ಮಂಜಣ್ಣ ನಿಂತಿದ್ದರು. ಜಗಳೂರಿನಿಂದ ದಾವಣಗೆರೆಗೆ ಒಂದು ಗಂಟೆಗೂ ತುಸು ಹೆಚ್ಚಿನ ದಾರಿ. ಆಗಲೇ ಹೊರಟಿದ್ದರೆ ತಲುಪಬಹುದಿತ್ತು.

ನಾನು ವಿಡಿಯೊ ತೋರಿಸಿ, "ಸರ್, ಪಕ್ಷೇತರ ನಾಮಪತ್ರಕ್ಕೆ ಇನ್ನೂ ಸಮಯವಿದೆ. ಹೊರಡೋಣ" ಎಂದೆ.

ಅವರು ಮಂಜಣ್ಣನವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಅಯ್ಯೋ, ಅದು ಡಮ್ಮಿ ಕಣ್ರೀ!" ಎಂದರು ಮಂಜಣ್ಣ. ಒಬ್ಬರ ನಾಮಪತ್ರ ತಿರಸ್ಕೃತವಾದರೆ ಇರಲಿ ಎಂದು ಪಕ್ಷಗಳು ಇನ್ನೊಬ್ಬರಿಂದಲೂ ಸಲ್ಲಿಸುವ ಪದ್ಧತಿ ಇದೆ. "ಸಾಹೇಬ್ರು ದಾರೀಲಿ ಅದಾರೆ. ಅಧಿಕಾರಿಗಳ ಹತ್ರ ಮಾತಾಡೀವಿ. ನೀವು ಅಲ್ಲಿಂದ ಕದಲಿದ್ರೆ ಸಾಹೇಬ್ರು ಯಾರಿಗೆ ಕೊಡಬೇಕು ಫಾರಂ? ಜಾಗ ಬಿಡಬಾರ್ದು ಅಂತ ಮಿಲಿಟರಿಯೋರಿಗೆ ನಾನು ಹೇಳಿಕೊಡ್ಬೇಕಾ?"

ಫೋನ್ ಇಟ್ಟ ಮೇಲೆ ಗಿರಿಜಮ್ಮ ಗಂಡನ ತೋಳು ಹಿಡಿದರು. "ಇವನ ಬಾಯಾಗೆ ಒಂದು ದಿನನಾದ್ರೂ ಖರೇ ಬಂದೈತೇನ್ರೀ? ಹತ್ರಿ ಕಾರು. ಅಲ್ಲಿ ಶೇಖರಣ್ಣ ಬಿಸ್ಲಾಗೆ ನಿಂತಾನೆ."

"ಸಾಹೇಬ್ರು ಬಂದು, ಎಲ್ಲಿ ಕರಿಬಸಪ್ಪ ಅಂದ್ರೆ?"

"ಬಂದ್ರೆ ತಾನೇ!"

"ಗಿರಿಜಾ, ಹೇಳಿದ ಜಾಗದಾಗೆ ಇಲ್ದೇ ಇರೋದು ನನ್ನಿಂದ ಆಗಾಕಿಲ್ಲ."

"ಹಾಗಾದರೆ ನಾಮಪತ್ರ ನನ್ನ ಕೈಗೆ ಕೊಡಿ ಸರ್. ಶೇಖರಪ್ಪನವರು ಸೂಚಕರು, ಅವರೇ ಸಲ್ಲಿಸಬಹುದು. ನೀವು ಇಲ್ಲೇ ಇರಿ" ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ಬೇಸರವಿತ್ತು. "ಇಲ್ಲಿ ಹೂಂ ಅಂದು ಅಲ್ಲಿ ಕದ್ದು ಕೊಡಾದಾ? ಬ್ಯಾಡ ತಾಯಿ."

ಎರಡು ಗಂಟೆಯ ಹೊತ್ತಿಗೆ ಶಾಮಿಯಾನದಲ್ಲಿ ಪಲಾವ್ ಮುಗಿಯಿತು, ಅದರೊಂದಿಗೆ ಜನವೂ ಕರಗಿತು. ಮುದುಕರೊಬ್ಬರು ಕೈ ತೊಳೆಯುತ್ತಾ, "ಏನ್ ಸಾಮಿ, ನಿಮ್ಮ ಸಾಹೇಬ್ರು ನಡ್ಕಂಡು ಬರ್ತಾ ಅದಾರಾ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಕರಿಬಸಪ್ಪನವರು ಬಳ್ಳಾರಿ ಕಡೆಯ ರಸ್ತೆಗೆ ಮುಖ ಮಾಡಿ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಶೇಖರಪ್ಪ ಮತ್ತೆ ಮತ್ತೆ ಫೋನ್ ಮಾಡಿದರು. ಕರಿಬಸಪ್ಪನವರದು ಒಂದೇ ಉತ್ತರ: "ಬರ್ತಾರಪ್ಪ, ತಡೀರಿ."

ಗಡುವು ಮುಗಿದು ಸ್ವಲ್ಪ ಹೊತ್ತಿಗೆ ಮಂಜಣ್ಣನವರೇ ಫೋನ್ ಮಾಡಿದರು. "ಸಾಹೇಬ್ರ ಪ್ರೋಗ್ರಾಂ ಕ್ಯಾನ್ಸಲ್ ಆತು ಸುಬೇದಾರ್ರೇ. ಪಕ್ಷದ ತೀರ್ಮಾನ, ಬೇಜಾರ್ ಮಾಡ್ಕೋಬ್ಯಾಡ್ರಿ. ಸಂಜೆ ಹೊನ್ನಾಳಿ ಸಭೆಗೆ ಬರ್ರಿ, ಹೊಸ ಕ್ಯಾಂಡಿಡೇಟ್ ಪಕ್ಕ ನಿಂತು ಒಂದ್ ಸಲ ಕಾಲು ತೋರಿಸಿದ್ರೆ ಸಾಕು."

ಕರಿಬಸಪ್ಪನವರು ಕೇಳಿದ್ದು ಒಂದೇ ಪ್ರಶ್ನೆ. "ಈಗ ಜಾಗ ಬಿಡಬಹುದಾ ಸರ್?"

ಆ ಕಡೆ ಬಹಳ ಜನ ಒಟ್ಟಿಗೆ ನಕ್ಕ ಸದ್ದು ಬಂತು. "ಬಿಡ್ರಿ, ಬಿಡ್ರಿ! ಈಗ ಎಲ್ಲಿಗೆ ಬೇಕಾದ್ರೂ ಹೋಗ್ರಿ."

ಅವರು ಹೊನ್ನಾಳಿಗೆ ಹೋಗಲಿಲ್ಲ. ಆದರೆ ಮರುದಿನದ ಹೊತ್ತಿಗೆ ಕ್ಷೇತ್ರದ ತುಂಬ ಒಂದು ಮಾತು ಹಬ್ಬಿತ್ತು: ಸುಬೇದಾರರು ಕಾಸು ತಿಂದು ಜಗಳೂರಿನಲ್ಲಿ ಅಡಗಿ ಕೂತಿದ್ದರು. ನಾನು ಶೇಖರಪ್ಪನವರ ಬಳಿ ಹೋಗಿ ನಡೆದದ್ದನ್ನು ಪೂರ್ತಿ ಹೇಳಿದೆ. ಅವರು ಕೇಳಿಸಿಕೊಂಡು, "ಸಣ್ಣ ಕೂಸಿಗೂ ಗೊತ್ತಾಗ್ತಿತ್ತು ಕಣಮ್ಮ, ಇವನಿಗೆ ಗೊತ್ತಾಗ್ಲಿಲ್ಲ ಅಂದ್ರೆ ಹೆಂಗೆ ನಂಬಾದು?" ಎಂದರು. ಆ ಹತ್ತು ಜನರಲ್ಲಿ ಒಬ್ಬರೂ ಮತ್ತೆ ಕರಿಬಸಪ್ಪನವರ ಮನೆಗೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗರೂ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದರು.

ಚುನಾವಣೆ ಮುಗಿದ ಮೇಲೆ ಸಂಸ್ಥೆಯ ಲೆಕ್ಕಪತ್ರ ಮುಗಿಸಲು ನಾನು ಪಕ್ಷದ ಕಚೇರಿಗೆ ಹೋಗಿದ್ದೆ. ಆ ದಿನ ಕರಿಬಸಪ್ಪನವರು ಹೊರಟು ಬಂದು, ಪಕ್ಷೇತರರಾಗಿ ನಿಂತು ಮತ ಒಡೆಯುತ್ತಾರೆಂಬ ಭಯ ನಿಮಗೆ ಇರಲಿಲ್ಲವೇ, ಜಗಳೂರಿಗೆ ಒಬ್ಬರನ್ನೂ ಕಾವಲಿಗೆ ಕಳಿಸಿರಲಿಲ್ಲವಲ್ಲ ಎಂದು ಮಂಜಣ್ಣನವರನ್ನು ಕೇಳಿದೆ.

"ಕಾವಲು ಯಾಕೆ ಮೇಡಂ? ಅವರು ಮಾತು ತಪ್ಪೋ ಮನುಷ್ಯ ಅಲ್ಲ" ಎಂದರು, ಗೌರವದಿಂದಲೇ.

ಈ ವೃತ್ತಿ ನನಗೆ ಕಲಿಸಿದ್ದು ಇದನ್ನು. ಹೆಂಡತಿ ಅವರನ್ನು ಹೊರಡಿಸಬಹುದೆಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಕಾಸಿಗೆ ತಮ್ಮನ್ನೇ ಮಾರಿಕೊಂಡರೆಂದು ಜೀವದ ಗೆಳೆಯರು ತಿಳಿದರು. ಕರಿಬಸಪ್ಪನವರ ಮೇಲೆ ಕೊನೆಯ ತನಕ ಪೂರ್ತಿ ನಂಬಿಕೆ ಇಟ್ಟವರು ಅವರನ್ನು ಮುಗಿಸಿದವರೊಬ್ಬರೇ.