ಬೆಣ್ಣೆ ಬಾರದ ಭಾನುವಾರ

ಆ ಭಾನುವಾರ ಮಧ್ಯಾಹ್ನ ಪ್ಲಿಮತ್‌ನ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ ರತ್ನ, ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಮೇಘನಾ. ಕೆಲವು ವರ್ಷಗಳ ಹಿಂದಿನ ಮಾತು. ಮಾಟ, ಮಂತ್ರ, ದೃಷ್ಟಿ ಎಂದರೆ ಆಗ ನಾನು ನಕ್ಕುಬಿಡುತ್ತಿದ್ದೆ. ಜೀವಮಾನವೆಲ್ಲ ಕಾರಿನ ಬ್ರೇಕು ಪರೀಕ್ಷೆ ಮಾಡಿದವನಿಗೆ ಅದೆಲ್ಲ ಎಲ್ಲಿ ನಾಟೀತು?

ರತ್ನ ವಾರವೆಲ್ಲ ಕೆನೆ ಕೂಡಿಟ್ಟು ಭಾನುವಾರ ಕಡೆಯುವವಳು. ಮೂರು ವಾರದಿಂದ ಕಡೆದಷ್ಟೂ ನೊರೆ, ಬೆಣ್ಣೆಯಿಲ್ಲ. ಅವಳ ಚಿಂತೆ ಮಾತ್ರ ಬೆಣ್ಣೆಯದಲ್ಲ, ಶಾರದಕ್ಕನದು. ಎರಡು ಬೀದಿಯಾಚೆ ಇರುವ ಧಾರವಾಡ ಕಡೆಯ ಶಾರದಕ್ಕನೇ ರತ್ನಳಿಗೆ ಈ ಊರಿನಲ್ಲಿ ತವರುಮನೆ. ಮೂರು ವಾರದ ಹಿಂದೊಂದು ಸಂಜೆ ಅವರು ಹೆಪ್ಪು ಕೇಳಿಕೊಂಡು ಬಂದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ನಮ್ಮಮ್ಮ ಕಲಿಸಿದ್ದನ್ನು ನೆನೆದು ರತ್ನ ಈ ಹೊತ್ತಿನಲ್ಲಿ ಇಲ್ಲವೆಂದಳು. ಡಿಸೆಂಬರಿನಲ್ಲಿ ಇಲ್ಲಿ ಐದು ಗಂಟೆಗೇ ಕತ್ತಲು, ಪಾಪ ಅವರಾದರೂ ಏನು ಮಾಡಬೇಕು? ಗೊಣಗುತ್ತ ಹೋದವರು ಮತ್ತೆ ಫೋನು ಮಾಡಲಿಲ್ಲ. ಇವಳೂ ಮಾಡಲಿಲ್ಲ.

ಮೇಘನಾ ಕಾಲೇಜಿನಲ್ಲಿ ಹಳೆಯ ಇಂಗ್ಲೆಂಡಿನ ಮಾಟದ ಬಗ್ಗೆ ಓದುತ್ತಿದ್ದಳು. ಇದನ್ನು ಕೇಳಿ ಅವಳ ಕಣ್ಣು ಅರಳಿತು.

"ಅಮ್ಮಾ, ದಿಸ್ ಈಸ್ ಎಕ್ಸಾಕ್ಟ್ಲಿ ಇಟ್. ಪಕ್ಕದ್ಮನೆಯವಳು ಏನೋ ಕೇಳ್ತಾಳೆ, ಇವ್ರು ಇಲ್ಲ ಅಂತಾರೆ, ಅವ್ಳು ಗೊಣಗ್ತಾಳೆ, ಬೆಣ್ಣೆ ಬರಲ್ಲ. ಅಲ್ಲಿ ಎಲ್ಲಾ ಹಳ್ಳೀಲೂ ಇದೇ ಕಂಪ್ಲೇಂಟ್."

"ಅದಕ್ಕೇನ್ ಮಾಡ್ತಿದ್ರಂತೆ?"

"ಕಾದ ಕಬ್ಬಿಣ ಕೆನೇಲಿ ಅದ್ದೋರು. ಮಾಟ ಮಾಡಿದವಳ ಕೈ ಸುಡತ್ತೆ. ಶೀ ವಿಲ್ ಕಮ್ ರನ್ನಿಂಗ್."

"ಸುಮ್ನಿರೇ. ಶಾರದಕ್ಕ ಅಂಥೋರಲ್ಲ," ಎಂದು ರತ್ನ ಗದರಿದಳು. ಗದರುತ್ತಲೇ ಕಬ್ಬಿಣದ ಒಗ್ಗರಣೆ ಸೌಟನ್ನು ಒಲೆಯ ಮೇಲಿಟ್ಟಳು.

ಹತ್ತು ನಿಮಿಷ ಕಾಯಿಸಿ ಅದ್ದಿದಳು. ಚುಂಯ್ ಎಂದಿತು. ಹೊಗೆಗೆ ಅಲಾರಂ ಕೂಗತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು.

ಶಾರದಕ್ಕ. ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದರು.

"ಹೆಂಚು ಮುಟ್ಟಿ ಸುಟ್ಕೊಂಡೆ ರತ್ನಾ, ಹತ್ ನಿಮಿಷ ಆತು. ಮನ್ಯಾಗ ಮುಲಾಮ ಮುಗದೈತಿ. ಅದನ್ನರ ಕೊಡ್ತೀಯೋ, ಇಲ್ಲಾ ಅದಕ್ಕೂ ಹೊತ್ತು ನೋಡ್ತೀಯೋ?"

ಮೇಘನಾ ಬಾಯಿ ತೆರೆಯುವ ಮೊದಲೇ ರತ್ನ ಅವಳ ಕಾಲು ತುಳಿದಳು. ಆಮೇಲೆ ಶಾರದಕ್ಕನನ್ನು ಕೂರಿಸಿ, ಮುಲಾಮು ಹಚ್ಚುತ್ತ ಅತ್ತುಬಿಟ್ಟಳು. "ಸುಟ್ಟದ್ದು ನನ್ ಕೈ, ನೀ ಯಾಕ ಅಳ್ತೀ?" ಎಂದು ಅವರು ಬೈದರು.

ಅಂದು ಬೆಣ್ಣೆ ಬಂತು. ಅದಕ್ಕೆ ನನ್ನಲ್ಲಿ ವಿವರಣೆಯಿದೆ: ಫ್ರಿಜ್ಜಿನ ಕೆನೆ ತೀರ ತಣ್ಣಗಿತ್ತು, ಬಿಸಿ ಸೌಟು ಹದಕ್ಕೆ ತಂದಿತು. ಸೌಟು ಒಲೆಗೇರಿದ ಹೊತ್ತಿಗೇ ಅವರ ಕೈ ಸುಟ್ಟದ್ದಕ್ಕೆ ವಿವರಣೆ ಇಲ್ಲ. ಹುಡುಕಿ ಸಾಕಾಗಿದೆ, ನಿಮಗೆ ಹೊಳೆದರೆ ಹೇಳಿ.

ಆ ಗಾಯ ಮಾಯಲು ಎರಡು ವಾರ ಹಿಡಿಯಿತು. ಅಷ್ಟು ದಿನವೂ ರತ್ನ ಬೆಳಿಗ್ಗೆ ಎದ್ದು, ಹಿಮ ತುಳಿದುಕೊಂಡು ಹೋಗಿ, ಶಾರದಕ್ಕನ ತಲೆ ಬಾಚಿ ಜಡೆ ಹಾಕಿ ಬರುತ್ತಿದ್ದಳು.