ಗೋರಿಕಲ್ಲಿನ ಮ್ಯಾಲಿನ ಹೆಸರು

ರಾಯಚೂರಿನ ಫೋಟೋ ಸ್ಟುಡಿಯೋದಾಗ ಚಿತ್ರ ತಿದ್ದೋದು ಆಗ ನನ್ನ ಕೆಲಸ. ಒಂದಿನ ಮಾನ್ವಿಯ ಬಳೆ ವ್ಯಾಪಾರಿಯೊಬ್ಬ ಹೆಸರಿಲ್ಲದ ಗೋರಿಕಲ್ಲಿನ ಫೋಟೋ ತಂದ. ಅವನ ಅಣ್ಣ ಹೋದ ತಿಂಗಳು ಬೊಂಬಾಯಿದಾಗ ತೀರಿಕೊಂಡಿದ್ದ. ಎಲ್ಲಿ ಹೂಳಿದ್ರೋ ಗೊತ್ತಿರಲಿಲ್ಲ.

"ಈ ಕಲ್ಲು ಯಾರದರೆ ಇರ್ಲಿ, ಅಣ್ಣನ ಹೆಸರು ಬರೀರಿ. ಅಮ್ಮಿ ಗೋರಿ ತೋರಿಸು ಅಂತ ಹಟ ಹಿಡದಾಳ."

ಸುಮ್ಮನ ಬರದ್ರ ಅಕ್ಷರ ಕಲ್ಲಿನ ಮ್ಯಾಲ ತೇಲಿದಂಗ ಕಾಣತಾವ. ಅದಕ್ಕ ಸಣ್ಣ ಕುಂಚ ಹಿಡಿದು, ತಗ್ಗಿದ್ದಲ್ಲಿ ಗೆರಿ ಮುರಿದೆ, ಪಾಚಿ ಇದ್ದಲ್ಲಿ ಮಸುಕು ಮಾಡಿದೆ. ಹೆಸರು ಕಲ್ಲಿನ ಜೋಡಿನೇ ಹಳೇದಾದಂಗ ಆತು.

ಫೋಟೋ ಒಯ್ಯಾಕ ಮಗನ ಜೋಡಿ ತಾಯಿನೂ ಬಂದಳು. ಕಣ್ಣಿನ ಹತ್ರ ಹಿಡಿದು ಬಾಳೊತ್ತು ನೋಡಿದಳು.

"ಅಕ್ಷರ ಇಷ್ಟು ಸವದಾವಲ್ಲೋ. ಅವ ಹೋಗಿ ಎಷ್ಟು ವರ್ಷ ಆತು? ನನಗ್ಯಾಕ ಮುಚ್ಚಿಟ್ಟಿ?"

ಮಗ ನನ್ನ ಮಾರಿ ನೋಡಿದ. ಖರೇ ಹೇಳಿದ್ರ ಆಕಿಗೆ ಸಿಕ್ಕ ಗೋರಿನೂ ಹೋಗ್ತಿತ್ತು.

"ಮೂರು ವರ್ಷ ಆತು, ಅಮ್ಮಿ," ಅಂದ.

ಆಕಿ ಉಟ್ಟ ಸೀರಿಯ ಸೆರಗು ಹಿಡಿದಳು. "ಹಂಗಾರ ಹೋದ ಈದಿಗೆ ಅವ ಕಳಿಸ್ಯಾನ ಅಂತ ಇದನ್ನ ಕೊಟ್ಟಿಯಲ್ಲ, ಇದೂ ನೀನೇ ತಂದಿದ್ದೇನು?"

ಮಗ ತಲಿ ತಗ್ಗಿಸಿ ಹೂಂ ಅಂದ.

ಆ ಸೀರಿ ಮಾತ್ರ ಖರೇನ ಅಣ್ಣನೇ ಕಳಿಸಿದ್ದಂತ, ಆಮ್ಯಾಲ ನನಗ ಹೇಳಿದ. ನನ್ನ ಕೆಲಸ ಅಷ್ಟು ಚಲೋ ಆಗಿತ್ತು, ನೋಡ್ರಿ.